ಕೊನೆಯ ಸಾಲಿಗೆ ಕತ್ತರಿ

ಕಳೆದ ವಾರ ಇಳಕಲ್ಲಿನ ನೇಕಾರನೊಬ್ಬ ಬಾಗಲಕೋಟೆಯ ನನ್ನ ಕಚೇರಿಯ ಕಟ್ಟೆಯ ಮೇಲೆ ಕುಳಿತು, ಅಣ್ಣತಮ್ಮಂದಿರ ನಡುವಿನ ಗೋಡೆಯ ತಕರಾರನ್ನು ಸಾವಕಾಶವಾಗಿ ಹೇಳಿದ. ಗೋಡೆಯ ಎತ್ತರ ಹೇಳಿದ, ಅದರ ಮೇಲಿನ ಬೆಕ್ಕಿನ ಓಡಾಟ ಹೇಳಿದ, ಅತ್ತಿಗೆಯ ಬಾಯಿ ಎಂಥದ್ದೆಂದು ಹೇಳಿದ. ಎಲ್ಲ ಮುಗಿಸಿ ಎದ್ದು ಚಪ್ಪಲಿ ಮೆಟ್ಟುವಾಗ, "ಅಂದಂಗ ವಕೀಲರ, ನಿಮ್ಮ ಮಾಸ್ತರ್ರು ತೀರಿಕೊಂಡ್ರು ನೋಡ್ರಿ" ಎಂದ.

ದುಃಖವಂತೂ ಆಯಿತು. ಕೂಡಲೇ ಇನ್ನೊಂದೂ ಅನ್ನಿಸಿತು, ಅದನ್ನು ಮುಚ್ಚಿಡುವುದು ಸರಿಯಲ್ಲ: ಮಾಸ್ತರರು ಇದನ್ನು ಕೇಳಿದ್ದರೆ ಆ ನೇಕಾರನ ಬೆನ್ನು ತಟ್ಟುತ್ತಿದ್ದರು. "ನೋಡು, ಮಾತು ಹೆಂಗ ನೇದಾನ! ಇಷ್ಟೊತ್ತು ಒಡಲು, ಕೊನೀಗೆ ಒಂದ ಮೊಳ ಸೆರಗು. ಆದ್ರ ಕೊಂಡಿ ಹಾಕಿಲ್ಲ ಮಗಾ!" ತಮ್ಮ ಸಾವಿನ ಸುದ್ದಿಯಲ್ಲೂ ನೇಯ್ಗೆ ಹುಡುಕುವ ಮನುಷ್ಯ ಅವರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ದೊಡ್ಡ ಗುಟ್ಟೇನೂ ಇಲ್ಲ. ಒಂದು ಶಬ್ದವನ್ನು ಜಗ್ಗಿ ತೆಗೆದರೂ ವಾಕ್ಯ ಬೀಳದೆ ನಿಂತರೆ, ಆ ಶಬ್ದ ಅಲ್ಲಿ ಇರಬೇಕಾಗಿರಲಿಲ್ಲ ಎಂಬುದು ಅವರ ಮೊದಲನೇ ಪಾಠ. ಅವರ ಹೆಸರನ್ನು ಜಗ್ಗಿ ತೆಗೆದು ನೋಡಿದೆ. ಮನುಷ್ಯ ಹಾಗೇ ನಿಂತಿದ್ದಾನೆ.

ಪ್ಲೇಗಿಗೆ ಹೆದರಿ ಹೊಲದ ಗುಡಿಸಲು ಸೇರಿದ್ದ ಜನವೆಲ್ಲ ಬಾಗಲಕೋಟೆಗೆ ತಿರುಗಿ ಬಂದು ನೆಲೆಯೂರಿದ ಕಾಲ ಅದು. ಊರಿನ ಶಾಲೆಯಲ್ಲಿ ಅವರು ನಮಗೆ ಕನ್ನಡ ಕಲಿಸುತ್ತಿದ್ದರು. ಆಳು ಗಿಡ್ಡ; ತಲೆಗೆ ಸುತ್ತಿದ ಕೆಂಪು ರುಮಾಲು ಮಾತ್ರ ದೊಡ್ಡದು. ಓಣಿಯ ತಿರುವಿನಲ್ಲಿ ಮೊದಲು ರುಮಾಲು ಬರುತ್ತಿತ್ತು, ಆಮೇಲೆ ಮಾಸ್ತರರು. ಕೋಟಿನ ಎಡ ಕಿಸೆಯಲ್ಲಿ ತಪಕೀರಿನ, ಅಂದರೆ ನಶ್ಯದ, ಡಬ್ಬಿ, ಬಲ ಕಿಸೆಯಲ್ಲಿ ಒಂದು ಕತ್ತರಿ. ಮಗ್ಗದ ಮೇಲೆ ಉಳಿದ ಎಳೆ ಕತ್ತರಿಸಲು ಅವರ ಅಪ್ಪ ಬಳಸುತ್ತಿದ್ದ ಕತ್ತರಿ ಅದು. ಮಾಸ್ತರರು ಇಳಕಲ್ಲಿನ ನೇಕಾರರ ಮನೆಯವರು. ಮಗ್ಗ ಬಿಟ್ಟು ಬಂದಿದ್ದರೂ ಮಗ್ಗ ಅವರನ್ನು ಬಿಟ್ಟಿರಲಿಲ್ಲ. ನಾವು ಯಾವ ನಿಬಂಧ ಓದಿದರೂ ಹೆಬ್ಬೆರಳು ತೋರುಬೆರಳು ಕೂಡಿಸಿ, ಗಾಳಿಯಲ್ಲಿ ಕಾಣದ ಎಳೆಯೊಂದನ್ನು ಹಿಡಿದು ಮೆಲ್ಲಗೆ ಎಳೆಯುತ್ತಿದ್ದರು. "ಜಗ್ಗಿ ನೋಡು" ಎನ್ನುತ್ತಿದ್ದರು.

ಇಳಕಲ್ ಸೀರೆ ಉಟ್ಟವರಲ್ಲೂ ಎಷ್ಟೋ ಮಂದಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಅದರ ಒಡಲು ಅರಳೆಯ ನೂಲಿನದು, ಸೆರಗು ರೇಷ್ಮೆಯದು. ಇವೆರಡೂ ಬೇರೆ ಬೇರೆ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಕೊಂಡಿ ಬಿಗಿಯಾಗಿದ್ದರೆ ಸೀರೆ ಹರಿದರೂ ಅಲ್ಲಿ ಹರಿಯುವುದಿಲ್ಲ. ಮಾಸ್ತರರ ಪ್ರಕಾರ ಭಾಷಣ, ನಿಬಂಧ, ಅರ್ಜಿ, ಜಗಳ ಎಲ್ಲವೂ ಇಳಕಲ್ ಸೀರೆಗಳೇ. ಸಂಗತಿ ಒಡಲು, ಅದರಿಂದ ಹೊರಡುವ ಮಾತು ಸೆರಗು. "ಸಂಗತಿ ಹೇಳಿದಿ, ಸೈ. ಮಾತೂ ಹೇಳಿದಿ, ಸೈ. ಎರಡಕ್ಕೂ ಕೊಂಡಿ ಎಲ್ಲಿ ಹಾಕಿದಿ?" ಎಂದು ಕೇಳಿದರೆ ನಾವೆಲ್ಲ ಮುಂದಿನ ಬೆಂಚಿನವನ ಬೆನ್ನ ಹಿಂದೆ ಅಡಗುತ್ತಿದ್ದೆವು.

ಈ ಚಟ ಶಾಲೆಯ ಗೇಟಿನ ಹೊರಗೂ ಅವರನ್ನು ಬಿಡುತ್ತಿರಲಿಲ್ಲ. ಸಂತೆಯಲ್ಲಿ ಎಣ್ಣೆ ಮಾರುವವನೊಬ್ಬ ಬರುತ್ತಿದ್ದ. ಸೊಂಟನೋವಿನಿಂದ ಸುರುಮಾಡಿ, ಸೊಂಟ ಬಗ್ಗಿದವನಿಗೆ ಆಕಾಶ ಕಾಣುವುದಿಲ್ಲ, ಆಕಾಶ ಕಾಣದವನಿಗೆ ದೇವರು ನೆನಪಾಗುವುದಿಲ್ಲ ಎಂದು ಹೇಳಿ, ದೇವರ ನೆನಪಿಗೆ ತನ್ನ ಎಣ್ಣೆ ಬೇಕು ಎಂಬಲ್ಲಿಗೆ ತಂದು ಮುಟ್ಟಿಸುತ್ತಿದ್ದ. ಮಾಸ್ತರರು ಬಿಸಿಲಲ್ಲಿ ನಿಂತು ಪೂರ್ತಿ ಕೇಳಿ, ಒಂದು ಶೀಶೆ ಕೊಂಡರು. ನಾವು ನಕ್ಕೆವು. "ಎಣ್ಣಿ ಸುಳ್ಳು ಅನ್ನೂದು ನನಗೂ ಗೊತ್ತೈತ್ರೋ. ಎಣ್ಣಿಗೆ ಕೊಟ್ಟಿಲ್ಲ ರೊಕ್ಕಾ. ಸೊಂಟದಿಂದ ದೇವರಿಗೆ ಕೊಂಡಿ ಹಾಕಿದ್ನಲ್ಲ, ಅದಕ್ಕ ಕೊಟ್ಟೆ" ಎಂದರು.

ಆ ಶೀಶೆ ಮನೆಗೆ ಹೋದ ಮೇಲೆ ಏನಾಯಿತೆಂಬುದು ಓಣಿಗೆಲ್ಲ ಕೇಳಿಸಿತು. ಅವರ ಹೆಂಡತಿ, ನಾವು ಅವ್ವಾರು ಎನ್ನುತ್ತಿದ್ದೆವು, ಗಟ್ಟಿ ಗಂಟಲಿನ ಹೆಂಗಸು. ಜೋಳದ ಹಿಟ್ಟು ತರಲು ಹೋದವರು ಎಣ್ಣೆ ತಂದ ಕಾರಣಕ್ಕೆ ಸುರುವಾಗಿ, ಮದುವೆಯ ದಿನದವರೆಗೂ ಹೋಗಿ ಬಂದರು. ಮಾಸ್ತರರು ಕಟ್ಟೆಯ ಮೇಲೆ ಕುಳಿತು ಕೇಳುತ್ತ, ಬೆರಳು ಕೂಡಿಸಿ ಎಳೆ ಜಗ್ಗುತ್ತ, "ಮದಲಿನದು ಚೊಲೋ ಇತ್ತು. ನಮ್ಮಪ್ಪನ್ನ ಯಾಕ ತಂದಿ ನಡುವ? ಅಲ್ಲೇ ಕೊಂಡಿ ಬಿಚ್ಚಿತು" ಎಂದರಂತೆ. ಒಳಗಿನಿಂದ ಉತ್ತರ ಬಂತು: "ಬರ್ರಿ ಊಟಕ್ಕ, ರೊಟ್ಟಿ ಬದಲಿ ಕೊಂಡೀನ ಬಡಸ್ತೇನಿ ತಾಟಿಗೆ!" ಮರುದಿನ ತರಗತಿಯಲ್ಲಿ ಮಾಸ್ತರರು ಈ ವಾಕ್ಯವನ್ನು ಹಲಗೆಯ ಮೇಲೆ ಬರೆದು, ಇದರಲ್ಲಿ ಒಂದು ಶಬ್ದ ತೆಗೆಯಿರಿ ನೋಡೋಣ ಎಂದರು. ಯಾರಿಗೂ ತೆಗೆಯಲು ಆಗಲಿಲ್ಲ. "ಮನ್ಯಾಗ ಇಂಥಾಕಿ ಇದ್ರ ಅಲಂಕಾರಶಾಸ್ತ್ರ ಬ್ಯಾರೆ ಯಾಕ ಓದಬೇಕು" ಎಂದು ಹೆಮ್ಮೆಪಟ್ಟರು.

ನಮ್ಮ ಶಾಲೆಗೆ ಒಂದು ಪತ್ರಿಕೆಯಿತ್ತು. ಹೆಸರು 'ಪಾಟಿ', ಅಂದರೆ ನಾವು ಬರೆಯುವ ಸ್ಲೇಟು. ತಿಂಗಳಿಗೊಮ್ಮೆ ಕೈಬರಹದಲ್ಲಿ ಒಂದೇ ಪ್ರತಿ ಹೊರಡುತ್ತಿತ್ತು. ನಾಲ್ಕಾರು ಹಾಳೆ ಹೊಲಿದು, ಕುಡಿಯುವ ನೀರಿನ ಹರವಿಯ ಮೇಲಿನ ಮೊಳೆಗೆ ತೂಗುಹಾಕುತ್ತಿದ್ದೆವು. ಬಾಯಾರಿದವರೆಲ್ಲ ವಾಚಕರು. ಅದರ ಮೇಲ್ವಿಚಾರಣೆ ಮಾಸ್ತರರದು. ನಾವು ಬರೆದದ್ದು ಮೊದಲು ಅವರ ಕೈಗೆ ಹೋಗಬೇಕು, ಅವರು ಜಗ್ಗಿ ನೋಡಬೇಕು, ಆಮೇಲೆಯೇ ಅಕ್ಷರ ದುಂಡಗಿದ್ದ ಹುಡುಗ ಅದನ್ನು ನಕಲು ಮಾಡುತ್ತಿದ್ದ.

ಅವರು ಶಾಯಿಯಿಂದ ತಿದ್ದುತ್ತಿರಲಿಲ್ಲ. ಬಲ ಕಿಸೆಯಿಂದ ಕತ್ತರಿ ಹೊರಗೆ ಬರುತ್ತಿತ್ತು. ಯಾರದೇ ಲೇಖನವಾಗಲಿ, ಕೊನೆಯ ಸಾಲನ್ನು ಕರಕ್ಕನೆ ಕತ್ತರಿಸಿ, ಆ ಪಟ್ಟಿಯನ್ನು ಬರೆದವನ ಕೈಗೆ ಕೊಡುತ್ತಿದ್ದರು. "ಇದನ್ನ ಮನಿಗೆ ಒಯ್ದು ನಿಮ್ಮವ್ವಗ ಓದಿ ತೋರಸು. ಆಕಿ ಒಬ್ಬಾಕಿ ಮೆಚ್ಚತಾಳ." ನನ್ನ ಗೆಳೆಯನೊಬ್ಬ ಬೆಂಚಿನ ತಿಗಣೆಗಳ ಮೇಲೆ ಅಗ್ರಲೇಖನ ಬರೆದಿದ್ದ. ಕಚ್ಚಿಸಿಕೊಂಡವನೇ ಬರೆದದ್ದರಿಂದ ಬಹಳ ಚೆನ್ನಾಗಿತ್ತು. ಕೊನೆಗೆ ಮಾತ್ರ, "ಆದುದರಿಂದ ಓ ಸುಜ್ಞ ವಾಚಕರೇ, ತಿಗಣೆಗಳಿಲ್ಲದ ನಾಡಿನತ್ತ ನಡೆಯೋಣ ಬನ್ನಿರಿ!" ಎಂದಿತ್ತು. ಮಾಸ್ತರರು ಆ ಪಟ್ಟಿ ಕತ್ತರಿಸಿ ಕೊಡುತ್ತ, "ತಮ್ಮಾ, ಆ ನಾಡು ಎಲ್ಲೈತಿ? ನಾವೂ ಬರ್ತೇವಿ, ಅವ್ವಾರನ್ನೂ ಕರಕೊಂಡ" ಎಂದರು. ನಮ್ಮೆಲ್ಲರ ಪುಸ್ತಕಗಳಲ್ಲಿ ಗುರುತಿಗೆ ಇಂಥ ಪಟ್ಟಿಗಳೇ ಇರುತ್ತಿದ್ದವು. ಊರಲ್ಲಿ ನವಿಲುಗರಿ ಇಟ್ಟುಕೊಳ್ಳುವ ಹುಡುಗರಿದ್ದರು. ನಾವು "ಓ ವಾಚಕರೇ" ಇಟ್ಟುಕೊಳ್ಳುತ್ತಿದ್ದೆವು.

ಕೊನೆಯ ಸಾಲಿನ ಮೇಲೆ ಅವರಿಗೆ ಯಾಕೆ ಅಷ್ಟು ಸಿಟ್ಟು ಎಂದು ಒಮ್ಮೆ ಕೇಳಿದೆ. "ಹೇಳೂದು ಮುಗದಿರ್ತೈತಿ, ಬರಿಯಾವ ಏಳಾಕ ಒಲ್ಲ. ಬಾಗಲದಾಗ ನಿಂತ ಬೀಗರಂಗ. ಆ ಸಾಲು ತನಗ ತಾನ ಹಾರ ಹಾಕ್ಕೊಳ್ಳೂ ಸಾಲು" ಎಂದರು.

ಇನ್ನು ದಿಪೋಟಿ ಸಾಹೇಬರ ಸಂಗತಿ. ವರ್ಷಕ್ಕೊಮ್ಮೆ ಶಾಲೆ ತಪಾಸಣೆಗೆ ಬರುವ ಈ ಅಧಿಕಾರಿಯ ಸುದ್ದಿ ಬಂದರೆ ಶಾಲೆಗೆ ಹಬ್ಬ ಬಂದಂತೆ. ಹರವಿ ತಿಕ್ಕಿ ತೊಳೆಯುವರು. ಹರಿದ ನಕಾಶೆಯ ಹರಿದ ಕಡೆಯನ್ನು ಗೋಡೆಗೆ ಮಾಡಿ ತೂಗುಹಾಕುವರು. ಇವೆಲ್ಲಕ್ಕಿಂತ ಮುಖ್ಯವಾದದ್ದು ಹಾಜರಿ. ಹಾಜರಿ ಪಟ್ಟಿಯಲ್ಲಿ ಹೆಸರಿದ್ದು ಬೆಂಚಿನ ಮೇಲೆ ಹುಡುಗರಿಲ್ಲದಿದ್ದರೆ ಶಾಲೆಯ ಮಾನ ಹೋಗುತ್ತದಲ್ಲ! ಅದಕ್ಕೆ ಹಿಂದಿನ ದಿನವೇ ನೇಕಾರರ ಓಣಿಗೆ ಶಿಪಾಯಿ ಹೋಗಿ, ಮಗ್ಗದ ಕೆಳಗೆ ನೂಲು ಸುತ್ತುತ್ತಿದ್ದ ಹುಡುಗರನ್ನು ಬೆಲ್ಲದಾಸೆ ತೋರಿಸಿ ಕರೆತರುತ್ತಿದ್ದ. ಹೆಡ್‌ಮಾಸ್ತರರ ಪೆಟ್ಟಿಗೆಯಲ್ಲಿ ಇದಕ್ಕಾಗಿಯೇ ಕರಿ ಟೊಪ್ಪಿಗೆಗಳಿದ್ದವು. ಒಂದೊಂದು ಟೊಪ್ಪಿಗೆ, ಒಂದೊಂದು ಪಾಟಿ ಕೊಟ್ಟು ಅವರನ್ನು ಕೊನೆಯ ಬೆಂಚುಗಳಲ್ಲಿ ಕೂಡಿಸುವರು. ಸಾಹೇಬರ ಟಾಂಗಾ ಸ್ಟೇಶನ್ನಿನ ಕಡೆ ತಿರುಗಿತೋ ಇಲ್ಲವೋ, ಟೊಪ್ಪಿಗೆ ಪೆಟ್ಟಿಗೆಗೆ, ಹುಡುಗರು ಮಗ್ಗಕ್ಕೆ. ಇದನ್ನು ತಪ್ಪೆಂದು ಯಾರೂ ತಿಳಿದಿರಲಿಲ್ಲ. ಮದುವೆಗೆ ಪಕ್ಕದ ಮನೆಯ ಹಂಡೆ ತಂದಂತೆ ಇದೂ ಒಂದು ಎರವಲು.

ಆ ವರ್ಷ ನಾನು 'ಪಾಟಿ'ಗೆ ಒಂದು ಅಭಿಪ್ರಾಯ ಲೇಖನ ಬರೆದೆ. ತಲೆಬರಹ 'ಸಾಹೇಬರ ಶುಭಾಗಮನ'. ಹೆಸರು ಹಾಕಲಿಲ್ಲ, ಅಷ್ಟು ಬುದ್ಧಿ ಇತ್ತು. ಅದರ ಕೆಲವು ಸಾಲು ನನಗೆ ಇಂದಿಗೂ ಬಾಯಿಪಾಠ: "ಸಾಹೇಬರು ಬರುವ ದಿನ ನಮ್ಮ ಹರವಿಯಲ್ಲಿ ತಿಳಿನೀರು ಇರುತ್ತದೆ. ಆ ದಿನ ಬೆತ್ತವು ಕಪಾಟಿನಲ್ಲಿ ವಿಶ್ರಾಂತಿ ಪಡೆಯುತ್ತದೆ. ಆ ದಿನ ಮಾಸ್ತರರು ನಮ್ಮನ್ನು ತಂದೆತಾಯಿ ಇಟ್ಟ ಹೆಸರಿನಿಂದ ಕರೆಯುತ್ತಾರೆ. ಉಳಿದ ದಿನ ಕರೆಯುವ ಹೆಸರುಗಳನ್ನು ಇಲ್ಲಿ ಬರೆಯುವುದು ಬೇಡ. ಸಾಹೇಬರು ದಿನಾಲು ಬಂದರೆ ಈ ಶಾಲೆಗೆ ಸರಿಸಾಟಿ ಇಲ್ಲ." ಕೊನೆಯ ಸಾಲು ಹೀಗಿತ್ತು: "ಮರುದಿನ ಹಿಂದಿನ ಬೆಂಚಿನ ಹುಡುಗರು ಮಗ್ಗಕ್ಕೆ ಹೋಗುತ್ತಾರೆ, ನಿಮಗೂ ಓದುವ ಆಸೆ ಇದೆಯೇ ಎಂದು ಅವರನ್ನು ಯಾರೂ ಕೇಳಿಲ್ಲ."

ಮಾಸ್ತರರಿಗೆ ಕೊಟ್ಟೆ. ನಿಂತೇ ಓದಿದರು. ಎಳೆ ಜಗ್ಗಿದರು. ತುಟಿ ನಕ್ಕಿತು. ಕತ್ತರಿ ಹೊರಬಂತು. ಕೊನೆಯ ಸಾಲಿನ ಮೇಲೆ ಅದರ ಬಾಯಿ ತೆರೆಯಿತು. ನಾನು ಪಟ್ಟಿಗಾಗಿ ಕೈ ಚಾಚಿದೆ. ಮಾಸ್ತರರು ಹಾಗೇ ಸ್ವಲ್ಪ ಹೊತ್ತು ನಿಂತು, ಕತ್ತರಿ ಮುಚ್ಚಿ ಕಿಸೆಗೆ ಹಾಕಿ, "ಹೋಗು, ನಕಲು ಮಾಡಸು" ಎಂದರು.

ಅವರ ಕತ್ತರಿಯಿಂದ ಪೂರ್ತಿ ಪಾರಾಗಿ ಬಂದ ಲೇಖನ ಶಾಲೆಯಲ್ಲಿ ಅದೊಂದೇ. ನಾನು ಆ ಸಂಜೆ ಹೊಳೆಯ ತನಕ ಕಾಲು ನೆಲಕ್ಕೆ ತಾಗದಂತೆ ಹೋಗಿ ಬಂದೆ. ಯಾಕೆ ಬಿಟ್ಟರು ಎಂಬ ಪ್ರಶ್ನೆ ಆಗ ಹುಟ್ಟಲಿಲ್ಲ. ನನ್ನ ಸಾಲು ಅಷ್ಟು ಚೆನ್ನಾಗಿದೆ ಎಂದೇ ತಿಳಿದಿದ್ದೆ.

ಎರಡು ದಿನ ಎಲ್ಲರೂ ನೀರು ಕುಡಿದರು, ಓದಿದರು, ನಕ್ಕರು. ಮೂರನೇ ದಿನ ಯಾರೋ ಹೆಡ್‌ಮಾಸ್ತರರ ಕಿವಿಗೆ ಹಾಕಿದರು. ಅವರು ಪುಣೆಯ ಕಡೆಯವರು, ಮನೆಮಾತು ಮರಾಠಿ. ಗಣಿತದಲ್ಲಿ ಗಟ್ಟಿ, ಕನ್ನಡದಲ್ಲಿ ಅಷ್ಟಕ್ಕಷ್ಟೆ. 'ಪಾಟಿ'ಯನ್ನು ಕೈಯಲ್ಲಿ ಹಿಡಿದು ಮಾಸ್ತರರ ಹಿಂದೆ ನಮ್ಮ ತರಗತಿಗೆ ಬಂದರು. ಸಾಹೇಬರ ಅಪಮಾನ ಮಾಡಿದವನ ಹೆಸರು ಇವತ್ತೇ ಶಾಲೆಯಿಂದ ತೆಗೆಯುತ್ತೇನೆ ಎಂದರು. ನನ್ನ ಕಣ್ಣಮುಂದೆ ಹುನಗುಂದದ ನಮ್ಮಪ್ಪನ ಬೆಲ್ಲದ ಅಂಗಡಿ ಬಂತು. "ಸಾಲಿ ಬಿಟ್ಟ ದಿನಾನ ತಕ್ಕಡಿ ಹಿಡೀಬೇಕು" ಎಂದು ಹೇಳಿಯೇ ಅಪ್ಪ ನನ್ನನ್ನು ಬಾಗಲಕೋಟೆಯ ಅತ್ತೆಯ ಮನೆಯಲ್ಲಿ ಇಟ್ಟಿದ್ದ. ಬೆಲ್ಲ, ನೊಣ, ತಕ್ಕಡಿ, ಅದರ ಹಿಂದೆ ಜೀವಮಾನವಿಡೀ ನಾನು.

"ಅಹೋ ಮಾಸ್ತರ, ತುಮಗೆ ಹುಡುಗರ ಭಾಷೆ ಗೊತ್ತದೆ. ಹೇಳರಿ, ಯಾರು ಬರದದ್ದು ಇದು?" ಎಂದರು ಹೆಡ್‌ಮಾಸ್ತರರು.

ಮಾಸ್ತರರು ನನ್ನ ಕಡೆ ನೋಡಲೇ ಇಲ್ಲ. "ಹೇಳೂಣ್ರಿ ರಾವಸಾಹೇಬ್ರ. ಆದ್ರ ಕಳವು ಆಗೇತೋ ಇಲ್ಲೋ ನೋಡದ ಕಳ್ಳನ್ನ ಹಿಡದ್ರ ಮಂದಿ ನಗ್ತಾರ. ಅಪಮಾನ ಎಲ್ಲೈತಿ, ಮದಲ ಅದನ್ನ ಹುಡುಕೂಣ" ಎಂದು ಲೇಖನವನ್ನು ಹಲಗೆಯ ಮೇಲೆ ಸಾಲುಸಾಲಾಗಿ ಬರೆದರು.

"ಸಾಹೇಬರು ಬರುವ ದಿನ ತಿಳಿನೀರು ಇರುತ್ತದೆ. ಇದು ಹೊಗಳಿಕಿನೋ, ತೆಗಳಿಕಿನೋ?"

"ಪಾಣಿ ರೋಜ ಸ್ವಚ್ಛ ಇರತದೆ!" ಎಂದರು ಹೆಡ್‌ಮಾಸ್ತರರು.

"ಇಲ್ಲ ಅಂತ ಇವ ಎಲ್ಲಿ ಅಂದಾನ್ರಿ? ಸಾಹೇಬ್ರು ಬಂದ ದಿನ ಐತಿ ಅಂದಾನ. ಉಳದ ದಿನದ ಮಾತ ಎತ್ತಿಲ್ಲ. ಜಗ್ಗಿ ನೋಡ್ರಿ ಬೇಕಾದ್ರ."

ಹೆಡ್‌ಮಾಸ್ತರರು ನಿಜವಾಗಿಯೂ ಹಲಗೆಯ ಹತ್ತಿರ ಹೋಗಿ ನೋಡಿದರು.

"ಬೆತ್ತ ವಿಶ್ರಾಂತಿ ಪಡೆಯುತ್ತದೆ. ಬೆತ್ತದ ಮ್ಯಾಲ ಎಷ್ಟು ಕರುಣಿ ನೋಡ್ರಿ ಹುಡುಗಗ! ಮುಂದ, ಉಳಿದ ದಿನ ಕರೆಯುವ ಹೆಸರು ಬರೆಯುವುದು ಬೇಡ. ಬ್ಯಾಡ ಅಂದ, ಬರೀಲೂ ಇಲ್ಲ. ಮರ್ಯಾದಿ ಇದ್ದ ಹುಡುಗ. ಸಾಹೇಬರು ದಿನಾಲು ಬಂದರೆ ಸರಿಸಾಟಿ ಇಲ್ಲ. ಇದಕ್ಕಿಂತ ಹೆಚ್ಚಿನ ಸ್ತುತಿ ದೇವರಿಗೂ ಯಾರೂ ಮಾಡಿಲ್ಲ."

ನಾವು ನಾಲಿಗೆ ಕಚ್ಚಿಕೊಂಡು ಕುಳಿತಿದ್ದೆವು. ತಿಗಣೆಯ ಗೆಳೆಯ ನಗು ತಡೆಯಲು ಬೆಂಚಿನ ಕೆಳಗೆ ಬಗ್ಗಿ ಏನೋ ಹುಡುಕುತ್ತಿದ್ದ. ಹೆಡ್‌ಮಾಸ್ತರರ ಮುಖದ ಸಿಟ್ಟು ಇಳಿದಿತ್ತು. ಆದರೆ ಅವರ ಬೆರಳು ಕೊನೆಯ ಸಾಲಿಗೆ ಬಂತು. "ಆಣಿ ಹೇ? ಮತ್ತ ಇದು? ಯಾರೂ ಕೇಳಿಲ್ಲ, ಅಂದರೆ?"

ಮಾಸ್ತರರು ತಪಕೀರಿನ ಡಬ್ಬಿ ತೆಗೆದು, ಒಂದು ಚಿಮಟಿ ಏರಿಸಿ, ಸಾವಕಾಶವಾಗಿ ಸೀನಿದರು. "ಅದು ಪ್ರಾರ್ಥನಿರಿ. ಯಾರೂ ಕೇಳಿಲ್ಲ ಅಂದ್ರ, ಸಾಹೇಬ್ರಾದ್ರೂ ಕೇಳ್ಲಿ ಅಂತ. ಹೊಗಳಿದ ಮ್ಯಾಲ ದೊಡ್ಡವ್ರಿಗೆ ಏನರ ಬೇಡಿಕೊಳ್ಳೂದು ಪದ್ಧತಿ ಅಲ್ರೀ?"

ಹೆಡ್‌ಮಾಸ್ತರರು ತಲೆದೂಗಿದರು. ಹೋಗುವಾಗ, "ಫಾರ ಛಾನ" ಎಂದು ಬೇರೆ ಹೇಳಿದರು. ಬಹಳ ಚೆಂದ ಎಂದು ಅರ್ಥ.

ಅವರ ಬೂಟಿನ ಸದ್ದು ಅಂಗಳ ದಾಟಿದ ಮೇಲೆ ಮಾಸ್ತರರು ನಮ್ಮ ಕಡೆ ತಿರುಗಿದರು. "ಆತು, ಈಗ ಖರೆ ಪಾಠ. ಇದ್ರಾಗ ಬೈಗಳ ಐತಿ ಅನ್ನೂದು ನಿಮಗೂ ಗೊತ್ತು, ನನಗೂ ಗೊತ್ತು. ಎಲ್ಲೈತಿ, ತೋರಸ್ರಿ." ಯಾರಿಗೂ ತೋರಿಸಲಾಗಲಿಲ್ಲ. "ಅಕ್ಷರದಾಗ ಇಲ್ಲ. ಬರದಾವ ಒಡಲು ಅಷ್ಟ ನೇದು ಇಟ್ಟಾನ. ಸೆರಗು ಓದಾವನ ಮನ್ಯಾಗ ಇತ್ತು. ಕೊಂಡಿ ಓದಾವನ ಕೈಲೇ ಹಾಕಿಸ್ಯಾನ. ತಾ ಹಾಕಿದ ಕೊಂಡಿ ಯಾರೂ ಬಿಚ್ಚೂದಿಲ್ಲರೋ. ಅದಕ್ಕ ಸಿಟ್ಟು ಬರ್ತೈತಿ, ಹಿಡ್ಯಾಕ ಮಾತ್ರ ಏನೂ ಸಿಗೂದಿಲ್ಲ." ಆಮೇಲೆ ಮೊದಲ ಸಲ ನನ್ನ ಕಡೆ ನೋಡಿ, "ಅಂವ ಯಾರೋ ಏನೋ. ಬೆಲ್ಲ ತೂಗೂದು ತಪ್ಪಿತು ನೋಡು" ಎಂದರು. ನಾನು ತಲೆ ತಗ್ಗಿಸಿ ಕುಳಿತೆ. ಅಳು ನಗು ಎರಡೂ ಒಟ್ಟಿಗೇ ಬಂದಿದ್ದವು. ಇವತ್ತು ನ್ಯಾಯಾಧೀಶರ ಮುಂದೆ ನಿಂತು ನಾನು ಆಡುವ ಮಾತಿನ ಬಂಡವಾಳವೆಲ್ಲ ಆ ಒಂದು ತಾಸಿನದು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಾಸ್ತರರ ಕೊಂಡಿ ಬೇಕಾದ್ದಕ್ಕಿಂತ ಬಿಗಿಯಾಗಿಬಿಟ್ಟಿತ್ತು. ಲೇಖನ ಅಪ್ಪಟ ಹೊಗಳಿಕೆ ಎಂದು ಹೆಡ್‌ಮಾಸ್ತರರು ಎಷ್ಟು ನಂಬಿದರೆಂದರೆ, ಅದನ್ನು ದೊಡ್ಡ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿ, ಸುತ್ತ ಚೆಂಡುಹೂವಿನ ಮಾಲೆ ಹಾಕಿಸಿ, ಸಾಹೇಬರು ಬರುವ ಮುಂಜಾನೆ ಶಾಲೆಯ ತಲೆಬಾಗಿಲಿಗೆ ಕಟ್ಟಿಸಿದರು! ಮಾಸ್ತರರು ಅದನ್ನು ಕಂಡವರೇ ಹೊಸ್ತಿಲಲ್ಲಿ ನಿಂತುಬಿಟ್ಟರು. ಒಂದರ ಹಿಂದೆ ಒಂದು ಮೂರು ಚಿಮಟಿ ತಪಕೀರು ಏರಿಸಿದರು. ಸೀನು ಬರಲಿಲ್ಲ. "ಭಾಳ ಚೊಲೋ ಪಾಠ ಹೇಳಬಾರದು ನೋಡ್ರೋ" ಎಂದಷ್ಟೇ ಹೇಳಿದರು.

ಆ ವರ್ಷದ ದಿಪೋಟಿ ಸಾಹೇಬರು ಧಾರವಾಡದ ಕಡೆಯವರು. ಕನ್ನಡ ಬಲ್ಲವರು, ಅದೂ ಚೆನ್ನಾಗಿ ಬಲ್ಲವರು. ಟಾಂಗಾ ಇಳಿದು, ಹಾರಕ್ಕೆ ಕೊರಳೊಡ್ಡಿ, ತಲೆಬಾಗಿಲಲ್ಲಿ ನಿಂತು ಓದತೊಡಗಿದರು. ಮೊದಲಿಗೆ ಮೀಸೆ ಅಲುಗಿತು. ಬೆತ್ತದ ಸಾಲಿಗೆ ಬಂದಾಗ ಹೊಟ್ಟೆಯೂ ಅಲುಗಿತು. ಹೆಡ್‌ಮಾಸ್ತರರು ಪಕ್ಕದಲ್ಲಿ ಕೈಕಟ್ಟಿ ನಿಂತು, ಹೊಗಳಿಕೆಗೆ ಸಂಕೋಚಪಡುವವರಂತೆ ಹಿಗ್ಗುತ್ತಿದ್ದರು. ಕೊನೆಯ ಸಾಲಿನಲ್ಲಿ ಸಾಹೇಬರು ನಗುವುದನ್ನು ನಿಲ್ಲಿಸಿದರು. ಅದನ್ನು ಎರಡು ಸಲ ಓದಿ ನೆಟ್ಟಗೆ ನಮ್ಮ ತರಗತಿಗೆ ನಡೆದು, ಕೊನೆಯ ಬೆಂಚುಗಳ ಮುಂದೆ ನಿಂತರು. ಅಲ್ಲಿ ಕಣ್ಣಿನವರೆಗೆ ಇಳಿದ ಟೊಪ್ಪಿಗೆಗಳ ಕೆಳಗೆ, ಬೆರಳಿಗೆ ಬಣ್ಣ ಅಂಟಿದ ಹುಡುಗರು ಪಾಟಿಯನ್ನು ತಲೆಕೆಳಗಾಗಿ ಹಿಡಿದು ಕುಳಿತಿದ್ದರು.

"ಏನ್ರೋ, ನಿಮಗೂ ಓದೂ ಆಸೆ ಐತೇನು?"

ಒಬ್ಬ ಟೊಪ್ಪಿಗೆ ಮೇಲೆತ್ತಿ ಹೇಳಿದ: "ಗೊತ್ತಿಲ್ರಿ. ಇವತ್ತ ಒಂದ ದಿನ ಸುಮ್ನ ಕುಂದರ್ರಿ, ಬೆಲ್ಲಾ ಕೊಡ್ತೇವಿ ಅಂದಾರ್ರಿ."

ಸಾಹೇಬರು ತಿರುಗಿ, "ಬಾಗಲದಾಗಿನ ಲೇಖನ ಬರದಾವ್ರು ಯಾರು?" ಎಂದರು. ನಾನು ಎದ್ದು ನಿಂತೆ. ಧೈರ್ಯವೋ, ಇನ್ನು ಕುಳಿತರೂ ಅಷ್ಟೇ ಎಂಬ ಲೆಕ್ಕವೋ, ಹೇಳಲಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ನನ್ನ ಹೆಗಲು ಒತ್ತಿ ಕೂಡಿಸಿ ತಾವು ಮುಂದೆ ಬಂದರು.

"ಬರದಾವ ಇವ ಖರೆ. ಆದ್ರ ಇದು ಹೊಗಳಿಕಿ ಅಂತ ಅರ್ಥ ಹೇಳಿದಾವ ನಾ. ಬರದದ್ದ್ರಾಗ ತಪ್ಪಿಲ್ರಿ. ತಪ್ಪಿದ್ರ ಅರ್ಥದಾಗ ಐತಿ."

"ಈ ಕೊನೀ ಸಾಲೂ ಹೊಗಳಿಕಿನ ಏನು?"

"ಅಲ್ರಿ. ಅದೊಂದು ಸಾಲಿಗೆ ನಾ ಸುಳ್ಳ ಅರ್ಥ ಹೇಳಿಲ್ಲ. ಪ್ರಾರ್ಥನಿ ಅಂತ ಹೇಳೀನಿ. ಅದನ್ನ ನೀವು ಈಗ ನಡಿಸಿಕೊಟ್ರಿ."

ಸಾಹೇಬರು ಕೊರಳ ಹಾರ ತೆಗೆದು ಬೆಂಚಿನ ಮೇಲಿಟ್ಟರು. ಆಮೇಲೆ ಹೆಡ್‌ಮಾಸ್ತರರಿಗೆ, "ಈ ಹುಡುಗನ ಹೆಸರು ಸಾಲ್ಯಾಗ ಇರ್ಲಿ" ಎಂದು ನನ್ನ ಕಡೆ ಬೆರಳು ತೋರಿಸಿ ಹೊರನಡೆದರು. ಮಾಸ್ತರರ ಹೆಸರು ಇರಲಿ ಎಂದು ಮಾತ್ರ ಅವರು ಹೇಳಲಿಲ್ಲ.

ಆ ಗದ್ದಲದಲ್ಲಿ ಟೊಪ್ಪಿಗೆ ತಿರುಗಿ ಇಸಿದುಕೊಳ್ಳುವುದು ಯಾರಿಗೂ ನೆನಪಾಗಲಿಲ್ಲ. ಮರುದಿನ ಮೊದಲ ಗಂಟೆಯಲ್ಲಿ, ಬೆಲ್ಲದ ಮಾತು ಆಡಿದ್ದ ಆ ಹುಡುಗ ಬಾಗಿಲಲ್ಲಿ ಬಂದು ನಿಂತ. ಟೊಪ್ಪಿಗೆ ತಲೆಯ ಮೇಲೇ ಇತ್ತು.

"ಯಾಕ ಬಂದಿ?" ಎಂದರು ಮಾಸ್ತರರು.

"ಟೊಪಗಿ ಕೊಡಾಕ ಬಂದೇನ್ರಿ."

ಹಾಗೆ ಹೇಳಿದವನು ಟೊಪ್ಪಿಗೆ ಕೊಡಲಿಲ್ಲ. ನೆಟ್ಟಗೆ ಹೋಗಿ ನಿನ್ನೆಯ ಬೆಂಚಿನ ಮೇಲೆ ಕುಳಿತ. ಮಾಸ್ತರರು ನಗತೊಡಗಿದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ರುಮಾಲಿನ ತುದಿಯಿಂದ ಒರೆಸಿಕೊಂಡರು, ಮತ್ತೆ ನಕ್ಕರು. ಇದರಲ್ಲಿ ಅಷ್ಟು ನಗುವಂಥದ್ದು ಏನಿದೆ ಎಂದು ನಾವು ಮುಖಮುಖ ನೋಡಿಕೊಂಡೆವು. ಆ ಹುಡುಗನ ಹೆಸರನ್ನು ಅವರು ಅವತ್ತೇ ಪಟ್ಟಿಯಲ್ಲಿ ಬರೆಸಿದರು. ಅವನು ಈಗ ಇದೇ ಊರಿನ ಟಪಾಲು ಕಚೇರಿಯಲ್ಲಿದ್ದಾನೆ. ನನ್ನ ಕಾಗದಗಳ ವಿಳಾಸ ಉದ್ದವಾಯಿತೆಂದು ಆಗಾಗ ಬೈಯುತ್ತಾನೆ.

ತಿಂಗಳೊಳಗೆ ಮಾಸ್ತರರಿಗೆ ವರ್ಗದ ಹುಕುಂ ಬಂತು: ಬಾದಾಮಿಯ ಆಚೆ, ಬನಶಂಕರಿಯ ಹತ್ತಿರದ ಒಂದು ಹಳ್ಳಿಗೆ, ಒಂದೇ ಕೋಣೆಯ ಶಾಲೆಗೆ. ನಾವು ಸ್ಟೇಶನ್ನಿಗೆ ಹೋದೆವು. ಅವ್ವಾರು ಗಂಟುಗಳ ಮೇಲೆ ಕುಳಿತು ಹೆಡ್‌ಮಾಸ್ತರರ ವಂಶವನ್ನು ಒಂದೊಂದು ತಲೆಮಾರಿನಂತೆ ಕೆಳಗಿಳಿಸುತ್ತಿದ್ದರು. ನನಗೆ ದುಃಖ ಉಕ್ಕಿ ಬಂದು, "ಮಾಸ್ತರ್ರ, ಅಲ್ಲಿ ನಿಮಗ ಹೆಂಗ ಹೊತ್ತು ಹೋಗ್ತೈತ್ರಿ?" ಎಂದೆ. "ಬದಾಮ್ಯಾಗ ಮಂಗ್ಯಾ ಭಾಳ ಅದಾವಂತ. ಚೊಲೋನ ಆತು. ಅವು ಸೀದಾ ಬಂದು ಕಸಗೊಂಡು ಹೋಗ್ತಾವ. ಓ ವಾಚಕರೇ ಅನ್ನೂದಿಲ್ಲ" ಎಂದರು. ಗಾಡಿ ಹೊರಟಿತು. ಕಿಟಕಿಯಲ್ಲಿ ಕೆಂಪು ರುಮಾಲು ಬಹಳ ದೂರದವರೆಗೆ ಕಾಣಿಸಿತು.

ಆಮೇಲೆ ನಾನು ಓದಿದೆ, ವಕೀಲನಾದೆ. ಅವರು ಹಳ್ಳಿಯಿಂದ ಹಳ್ಳಿಗೆ ಹೋಗುತ್ತ, ಕೊನೆಗೆ ಪೆನ್ಶನ್ನಾಗಿ ಇಳಕಲ್ಲಿಗೆ ಬಂದು ತಮ್ಮನ ಮನೆಯಲ್ಲಿ ಉಳಿದರು. ಹೋದ ವರ್ಷ ಕೂಡಲಸಂಗಮಕ್ಕೆ ಹೋದವನು ಅಲ್ಲಿಂದ ಇಳಕಲ್ಲಿಗೂ ಹೋಗಿ ಬಂದೆ. ಮಧ್ಯಾಹ್ನದ ಹೊತ್ತು. ಒಳಗೆ ತಮ್ಮನ ಮಗ್ಗ ಲಟಲಟ ಎನ್ನುತ್ತಿತ್ತು. ಮಾಸ್ತರರು ಗೋಡೆಗೆ ಒರಗಿ ಕುಳಿತ ಮುದುಕರಾಗಿದ್ದರು. ಕಣ್ಣು ಮಂಜಾಗಿತ್ತು, ರುಮಾಲು ಮಾತ್ರ ಅದೇ ಗಾತ್ರ. ಧ್ವನಿಯ ಮೇಲಿಂದಲೇ ನನ್ನನ್ನು ಗುರುತಿಸಿದರು. "ಬಾರೋ ಬೆಲ್ಲದಂವನ! ಕೋರ್ಟಿನ್ಯಾಗ ಕೊಂಡಿ ಹಾಕ್ತೀಯೋ, ಬಿಚ್ಚತೀಯೋ?" ಎಂದರು. ಒಳಗಿನಿಂದ ಅವ್ವಾರ ಧ್ವನಿ, "ಅವರಿಗೆ ಮದಲ ನೀರು ಕೊಡ್ರಿ, ಆಮ್ಯಾಲ ನಿಮ್ಮ ಕೊಂಡಿ" ಎಂದಿತು.

ಇಷ್ಟು ವರ್ಷ ನನ್ನೊಳಗೆ ಕುಳಿತಿದ್ದ ಪ್ರಶ್ನೆಯನ್ನು ಅವತ್ತು ಕೇಳಿದೆ. "ಮಾಸ್ತರ್ರ, ಎಲ್ಲಾರ ಕೊನೀ ಸಾಲೂ ಕತ್ತರಿಸಿದ್ರಿ. ನಂದೊಂದು ಬಿಟ್ರಿ. ಅದನ್ನ ಕತ್ತರಿಸಿದ್ರ ಬರೇ ನಗಿ ಉಳೀತಿತ್ತು. ಸಾಹೇಬ್ರೂ ನಕ್ಕು ಹೋಗ್ತಿದ್ರು, ನೀವು ಬಾಗಲಕೋಟ್ಯಾಗ ಇರ್ತಿದ್ರಿ. ನಿಮಗ ಇದು ಆವಾಗ ಕಾಣ್ಲಿಲ್ಲೇನ್ರಿ?"

"ಕಂಡಿತ್ತು" ಎಂದರು. "ಕತ್ತರಿ ತಗದಿದ್ನಲ್ಲ, ನೀ ನೋಡಿದಿ."

"ಮತ್ತ?"

ಅವರು ಬೆರಳು ಕೂಡಿಸಿ ಗಾಳಿಯಲ್ಲಿ ಎಳೆಯೊಂದನ್ನು ಹಿಡಿದರು. ಈ ಸಲ ಜಗ್ಗಲಿಲ್ಲ, ಸುಮ್ಮನೆ ಹಿಡಿದುಕೊಂಡರು.

"ನಮ್ಮ ಸಣ್ಣಂದಿನ್ಯಾಗ ಇಲ್ಲೂ ಒಬ್ರು ದಿಪೋಟಿ ಬಂದಿದ್ರು. ನಾ ಆವಾಗ ಈ ಮಗ್ಗದ ಕೆಳಗ ನೂಲು ಸುತ್ತಾಂವ. ನನ್ನೂ ಬೆಲ್ಲಾ ಕೊಟ್ಟು ಕರಕೊಂಡು ಹೋಗಿ ಕೊನೀ ಸಾಲಿನ್ಯಾಗ ಕುಂದರಿಸಿದ್ರು. ಸಂಜಿಕೆ ಎಲ್ಲಾರೂ ಟೊಪಗಿ ಕೊಟ್ರು. ನಾ ಅಂಗಿ ಒಳಗ ಮುಚ್ಚಿಕೊಂಡು ಬಂದೆ. ಮರುದಿನ ಅದನ್ನ ಹಾಕ್ಕೊಂಡು ಸಾಲಿ ಬಾಗಲಕ್ಕ ಹೋಗಿ ನಿಂತೆ. ಯಾಕ ಬಂದೀಲೇ ಅಂತ ಕೇಳಿದ್ರು. ಟೊಪಗಿ ಕೊಡಾಕ ಬಂದೇನ್ರಿ ಅಂದೆ."

ಒಳಗೆ ಮಗ್ಗ ನಿಂತಿತು. ತಮ್ಮನೂ ಕೇಳುತ್ತಿದ್ದನೆಂದು ಕಾಣುತ್ತದೆ.

"ಅವ್ರು ಏನಂದ್ರು?" ಎಂದೆ.

"ಇರ್ಲಿ, ತಲಿ ಮ್ಯಾಲ ಇರ್ಲಿ, ಕುಂದ್ರು ಅಂದ್ರು."

ಇದರ ಕೆಳಗೆ ನಾನು ಇನ್ನೊಂದು ಸಾಲು ಬರೆದಿದ್ದೆ. ಜಗ್ಗಿ ನೋಡಿದೆ. ಕತ್ತರಿಸಿ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಿದ್ದೇನೆ.